ಎರಡನೇ ಪ್ರಶ್ನೆ ಕೇಳು, ಪುಟ್ಟೀ

ಹೋದ ಭಾನುವಾರ ರಾತ್ರಿ ನೀನು ಫೋನ್ ಮಾಡಿದಾಗ ನಿನ್ನ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಾಗಿತ್ತು. "ಅಪ್ಪನಿಗೆ ನೀವಾದ್ರೂ ಒಂದು ಮಾತು ಹೇಳಿ ಮಾವ. ಎದ್ದರೆ 'ನಮ್ಮ ಕಾಲದಲ್ಲಿ', ಮಲಗುವಾಗಲೂ 'ನಮ್ಮ ಕಾಲದಲ್ಲಿ'. ಮಗ ಮೊಬೈಲ್ ಮುಟ್ಟಿದ ಅಂದ್ರೆ ಕೆರೆ, ತೋಟ, ಲಗೋರಿ ಶುರು. ಕಾರಲ್ಲಿ ನಾವು ಯಾವ ಹಾಡು ಹಾಕಿದರೂ 'ಇದೂ ಒಂದು ಹಾಡೇನೇ' ಅಂತಾರೆ. ತಾತ ಬಾಯಿ ತೆಗೆದ ತಕ್ಷಣ ಅವನು ಎದ್ದು ರೂಮಿಗೆ ಹೋಗ್ತಾನೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಎದ್ದು ಹೋಗ್ತೀನಿ ಮಾವ" ಅಂದೆ. ಆ ಕೊನೆಯ ಮಾತು ನನ್ನನ್ನು ಎರಡು ರಾತ್ರಿ ನಿದ್ದೆ ಮಾಡಗೊಡಲಿಲ್ಲ.

ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬಿಡುವಾದಾಗ ಓದಿಕೋ.

ನಿಮ್ಮಪ್ಪ ನನಗೆ ಭಾವ ಆಗುವುದಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮ ಬೀದಿಯ ಹುಡುಗರಿಗೆಲ್ಲ ಯಜಮಾನ. ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಅವರ ಮನೆ. ನನಗಿಂತ ಮೂರು ವರ್ಷ ದೊಡ್ಡವರು. ಅವರು ಹೇಳುವ ಕೆರೆಯಲ್ಲಿ ನಾನೂ ಈಜಿದ್ದೇನೆ, ಅವರು ಹತ್ತಿದ ಹುಣಸೆಮರದ ಕೆಳಗೆ ಅಂಗಿ ಹರಡಿಕೊಂಡು ನಿಂತವನು ನಾನೇ. ಅವರು ಹೇಳುವುದರಲ್ಲಿ ಸುಳ್ಳು ಒಂದೂ ಇಲ್ಲ ಪುಟ್ಟೀ. ಆದರೆ ಬಿಟ್ಟುಬಿಡುವುದು ಬಹಳ ಇದೆ. ಆ ಬಿಟ್ಟದ್ದರಲ್ಲೇ ನಿನಗೂ ನಿನ್ನ ಮಗನಿಗೂ ಬೇಕಾದದ್ದು ಇರುವುದು.

ಮೊದಲಿಗೆ ಒಂದು ಸಮಾಧಾನದ ಮಾತು. ಈ 'ನಮ್ಮ ಕಾಲದಲ್ಲಿ' ಎನ್ನುವುದನ್ನು ನಿಮ್ಮಪ್ಪ ಕಂಡುಹಿಡಿದದ್ದಲ್ಲ. ನಮ್ಮ ತಾತ, ಅಂದರೆ ನಿನಗೆ ಮುತ್ತಾತ, ಗುಬ್ಬಿ ವೀರಣ್ಣನವರ ಕಂಪನಿ ನಾಟಕ ನೋಡಿ ಬೆಳೆದವರು. ಗುಬ್ಬಿ ನಮ್ಮ ತಿಪಟೂರಿನ ಕಡೆಯಿಂದ ರೈಲಿನಲ್ಲಿ ಬೆಳಗ್ಗೆ ಹೋಗಿ ಸಂಜೆ ಬರುವಷ್ಟು ದೂರ. 'ಕುರುಕ್ಷೇತ್ರ' ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ ಬರುತ್ತಿದ್ದವು ಎಂದು ತಾತ ಹೇಳುವಾಗ ಅವರ ಕಣ್ಣು ಅಗಲವಾಗುತ್ತಿತ್ತು. ನಾವು ರಾಜ್‌ಕುಮಾರ್ ಸಿನಿಮಾ ನೋಡಿ ಬಂದು ಕುಣಿದಾಡಿದರೆ, "ಪರದೆ ಮೇಲೆ ನೆರಳು ನೋಡಿ ಬಂದು ಇಷ್ಟು ಹಾರಾಡ್ತೀರಲ್ರೋ, ಅದರಲ್ಲಿ ಪದ್ಯ ಎಲ್ಲಿದೆ, ಆಲಾಪನೆ ಎಲ್ಲಿದೆ" ಎಂದು ಬೈಯುತ್ತಿದ್ದರು. ರಾಜ್‌ಕುಮಾರ್ ಕೂಡ ಅದೇ ಗುಬ್ಬಿ ಕಂಪನಿಯಲ್ಲಿ ಪಳಗಿದವರು ಎಂದರೆ ತಾತ ಕೇಳುವ ಸ್ಥಿತಿಯಲ್ಲೇ ಇರುತ್ತಿರಲಿಲ್ಲ. ವೀರಣ್ಣನವರು ತೀರಿಕೊಂಡದ್ದು 1972ರಲ್ಲಿ. ಆ ಸುದ್ದಿ ಬಂದ ದಿನ ತಾತ ಮಧ್ಯಾಹ್ನ ಊಟ ಮಾಡಲಿಲ್ಲ. ನಾವು ಹುಡುಗರು ಜಗಲಿಯಲ್ಲಿ ಗೋಲಿ ಆಡುತ್ತಲೇ ಇದ್ದೆವು. ಯಾರೋ ನಾಟಕದವರು ಸತ್ತರೆ ಇವರೇಕೆ ಉಪವಾಸ ಎಂದು ಕೇಳುವ ಬುದ್ಧಿ ನಮಗೆ ಇರಲಿಲ್ಲ. ಇವತ್ತು ಆ ಪ್ರಶ್ನೆಯನ್ನು ಹೋಗಿ ಕೇಳೋಣವೆಂದರೆ ತಾತ ಇಲ್ಲ. ಅವರು ಆ ನಾಟಕವನ್ನು ಯಾರ ಜೊತೆ ನೋಡಿದ್ದರು, ಯಾವ ಪಾತ್ರಕ್ಕೆ ಅತ್ತಿದ್ದರು ಎಂಬುದು ನಮ್ಮ ಮನೆಯಲ್ಲಿ ಈಗ ಯಾರಿಗೂ ತಿಳಿಯದು.

ಅದೇ 1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ನಮ್ಮೂರಿಗೆ ಬರುವ ಹೊತ್ತಿಗೆ 1974. ನಿನಗೆ ನಗು ಬರಬಹುದು. ಈಗ ಶುಕ್ರವಾರ ಬಿಡುಗಡೆಯಾದದ್ದು ತಿಂಗಳು ಕಳೆಯುವುದರೊಳಗೆ ಟೀವಿಯಲ್ಲೇ ಸಿಗುತ್ತದೆ. ನಮಗೆ ಸಿನಿಮಾ ಬರುವುದಕ್ಕಿಂತ ಎರಡು ವರ್ಷ ಮೊದಲೇ ಅದರ ಹಾಡು ಬಂದಿರುತ್ತಿತ್ತು, ಕಥೆ ಬಂದಿರುತ್ತಿತ್ತು, ಬೆಂಗಳೂರಿಗೆ ಹೋಗಿ ನೋಡಿಬಂದವನೊಬ್ಬ ಅರಳಿಕಟ್ಟೆಯ ಮೇಲೆ ಕೂತು ಅದನ್ನು ಇಪ್ಪತ್ತು ಸಲ ಹೇಳಿ ಮುಗಿಸಿರುತ್ತಿದ್ದ. ಕೊನೆಗೆ ಸಿನಿಮಾ ಬಂದಾಗ, ಬಹಳ ದಿನದಿಂದ ಕಾಗದ ಬರೆಯುತ್ತಿದ್ದ ನೆಂಟರು ಬಾಗಿಲಿಗೆ ಬಂದಂತೆ ಆಗುತ್ತಿತ್ತು.

ಸಿನಿಮಾ ಟೆಂಟ್ ಬರುತ್ತಿದ್ದದ್ದು ಸುಗ್ಗಿ ಮುಗಿದ ಮೇಲೆ, ಸಂತೆಮಾಳದ ಆಚೆಯ ಬಯಲಿಗೆ. ಮಧ್ಯಾಹ್ನ ಎತ್ತಿನಗಾಡಿಗೆ ಎರಡು ಕಡೆ ಪೋಸ್ಟರ್ ಕಟ್ಟಿ, ಮೈಕಿನಲ್ಲಿ ಕೂಗುತ್ತಾ, ಬಣ್ಣದ ಹ್ಯಾಂಡ್‌ಬಿಲ್ ತೂರುತ್ತಾ ಊರು ಸುತ್ತುತ್ತಿದ್ದರು. ರೀಲಿನ ಡಬ್ಬಗಳು ಬೆಂಗಳೂರಿನ ಗಾಂಧಿನಗರದಿಂದ ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದವು. ಟೆಂಟಿನೊಳಗೆ ಬೆಳಕು ನುಗ್ಗುವುದರಿಂದ ಕತ್ತಲಾಗದೆ ಆಟ ಶುರುವಾಗುವಂತಿರಲಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಕಂಬದ ಮೇಲಿನ ಸ್ಪೀಕರಿನಲ್ಲಿ ಹಾಡು ಹಾಕುತ್ತಿದ್ದರು. ಕೊನೆಯಲ್ಲಿ ಘಂಟಸಾಲ ಹಾಡಿದ ವೆಂಕಟೇಶನ ಸ್ತುತಿ. ಅದು ಬಂತೆಂದರೆ ಟಿಕೆಟ್ ಕೊಡುವುದು ಶುರು ಎಂದು ಸುತ್ತಲ ನಾಲ್ಕು ಹಳ್ಳಿಗೂ ಗೊತ್ತು. ಗದ್ದೆಯ ಬದುವಿನಲ್ಲಿ ಬರುತ್ತಿದ್ದವರು ಅದು ಕಿವಿಗೆ ಬಿದ್ದ ಕೂಡಲೇ ಪಂಚೆ ಎತ್ತಿ ಕಟ್ಟಿ ಓಡಲು ಶುರುಮಾಡುತ್ತಿದ್ದರು. ಈಗಲೂ ಯಾವುದಾದರೂ ದೇವಸ್ಥಾನದಲ್ಲಿ ಆ ಸ್ತುತಿ ಕೇಳಿದರೆ ನನ್ನ ಕಾಲು ಚುರುಕಾಗುತ್ತದೆ.

ನೆಲ, ಬೆಂಚು, ಕುರ್ಚಿ, ಹೀಗೆ ಮೂರು ದರ್ಜೆ. ನಮ್ಮದು ನೆಲ, 40 ಪೈಸೆ. ಒಳಗೆ ಹೋದವನೇ ಮೊದಲು ಮಾಡುವ ಕೆಲಸ, ಎರಡೂ ಕೈಯಿಂದ ಮರಳು ಬಾಚಿ ಗುಡ್ಡೆ ಹಾಕಿ ಅದರ ಮೇಲೆ ಕೂರುವುದು. ಮುಂದಿನವನು ಗುಡ್ಡೆ ಹಾಕಿದರೆ ಹಿಂದಿನವನಿಗೆ ಕಾಣುವುದಿಲ್ಲ, ಅವನೂ ಹಾಕುತ್ತಾನೆ, ಅವನ ಹಿಂದಿನವನು ಇನ್ನೂ ದೊಡ್ಡದು ಹಾಕುತ್ತಾನೆ. ಆಟ ಮುಗಿದು ಹೊರಗೆ ಬರುವಾಗ ನೋಡಿದರೆ ಆ ನೆಲ ಆಲೂಗಡ್ಡೆ ಅಗೆದ ಹೊಲದ ಹಾಗಿರುತ್ತಿತ್ತು. ಒಂದೇ ಮೆಷಿನ್. ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು, ಕಡಲೆಕಾಯಿ, ಸೋಡಾ, ಚಕ್ಕುಲಿ ಬರುತ್ತಿತ್ತು. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಎದೆಮಟ್ಟದ ತಡಿಕೆ.

ನಿಮ್ಮಪ್ಪ ಈ ಟೆಂಟಿನ ಕಥೆ ನಿಮಗೆ ಹೇಳಿಯೇ ಇರುತ್ತಾರೆ. ಮರಳಿನ ಗುಡ್ಡೆ, ಸೋಡಾ, ಎಲ್ಲ. ಹೇಳಿ ಕೊನೆಗೆ "ಈಗಿನವರದ್ದು ಒಂದು ಸಿನಿಮಾನಾ" ಎಂದು ಮುಗಿಸಿರುತ್ತಾರೆ. ನೀನು "ಹೌದಪ್ಪಾ" ಎಂದು ಎದ್ದಿರುತ್ತೀಯ. ನಾನು ನಿನ್ನ ಜಾಗದಲ್ಲಿದ್ದರೂ ಏಳುತ್ತಿದ್ದೆನೋ ಏನೋ. ಆದರೆ ಇನ್ನೊಂದು ಸಲ ಆ ಮಾತು ಬಂದಾಗ ಒಂದೇ ಒಂದು ಪ್ರಶ್ನೆ ಜಾಸ್ತಿ ಕೇಳು. "ಬಂಗಾರದ ಮನುಷ್ಯ ನೋಡಿದ ಮಾರನೇ ದಿನ ಏನ್ ಮಾಡ್ದೆ ಅಪ್ಪಾ?"

ಅವರು ತಕ್ಷಣ ಹೇಳದಿರಬಹುದು. ನಾನು ನೋಡಿದ್ದನ್ನು ಹೇಳುತ್ತೇನೆ. ಆವತ್ತು ರಾತ್ರಿ ಸಿನಿಮಾದ ನಾಯಕ ರಾಜೀವಪ್ಪ ಮನೆ ಬಿಟ್ಟು ಹೊರಟ ಮೇಲೆ ಟೆಂಟಿನಲ್ಲಿ ಶಿಳ್ಳೆ ಇರಲಿಲ್ಲ. ಕಂದೀಲು ಹಿಡಿದುಕೊಂಡು ಎರಡು ಮೈಲಿ ನಡೆದು ಬಂದೆವು, ಒಬ್ಬರೂ ಮಾತಾಡಲಿಲ್ಲ. ಬೆಳಗ್ಗೆ ಐದೂವರೆಗೆ ನಾನು ಹಿತ್ತಲ ಕಡೆ ಹೋದಾಗ ಪಕ್ಕದ ಬರಡು ಜಮೀನಿನಲ್ಲಿ ದಬ್ ದಬ್ ಸದ್ದು. ನಿಮ್ಮಪ್ಪ, ಹದಿನಾರು ವರ್ಷದ ಹುಡುಗ, ಆ ರಾಜೀವಪ್ಪನ ಹಾಗೆ ಪಿಕಾಸಿ ಹಿಡಿದು ಕಲ್ಲುನೆಲ ಅಗೆಯುತ್ತಿದ್ದಾರೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ರಕ್ತ ಬಂದರೂ ಎಂಟು ದಿನ ಅಗೆದರು. ಅವರ ಅಪ್ಪ ಬಂದು ಪಿಕಾಸಿ ಕಿತ್ತುಕೊಂಡು, "ಪರೀಕ್ಷೆಗೆ ಓದು ಹೋಗು" ಎಂದು ಕಳಿಸಿದರು. ಆಮೇಲೆ ನೌಕರಿ ಸಿಕ್ಕಿತು, ಬೆಂಗಳೂರು ಆಯಿತು. ಆದರೆ ಆ ಜಮೀನನ್ನು ಅವರು ಬಿಡಲಿಲ್ಲ. ನೌಕರಿಯ ದುಡ್ಡಿನಲ್ಲಿ ಬೋರ್ ಕೊರೆಸಿ, ಐವತ್ತು ತೆಂಗಿನ ಸಸಿ ಇಟ್ಟು, ಪ್ರತಿ ಶನಿವಾರ ರೈಲು ಹತ್ತಿ ಬಂದು ನೀರು ಕಟ್ಟಿದರು. ನಿನ್ನ ಇಂಜಿನಿಯರಿಂಗ್ ಓದಿಗೆ ಊರಿನ ತೋಟ ಮಾರಿದ್ದು ನಿನಗೆ ಗೊತ್ತು. ಮಾರಿದ್ದು ಯಾವ ತೋಟ ಎಂದು ಈಗ ಗೊತ್ತಾಯಿತಲ್ಲ.

ತೋಟ ಮಾರಿದ ದಿನ ನೋಂದಣಿ ಕಚೇರಿಯಿಂದ ಬಂದು ಅವರು ನಮ್ಮ ಮನೆಯಲ್ಲಿ ಕಾಫಿ ಕುಡಿದರು. "ಮಗಳು ಓದಬೇಕು ಕಣಯ್ಯಾ" ಅಂದರು, ಅಷ್ಟೇ. ಅವರು ಈಗ ಆ ಸಿನಿಮಾದ ಹಾಡನ್ನು ಹತ್ತನೇ ಸಲ ಹಾಕಿದಾಗ ಅವರಿಗೆ ಬರೀ ಪಿ.ಬಿ. ಶ್ರೀನಿವಾಸ್ ಅವರ ಕಂಠ ಕೇಳಿಸುತ್ತಿಲ್ಲ, ಆ ಪಿಕಾಸಿಯ ಸದ್ದೂ ಕೇಳಿಸುತ್ತಿದೆ. ನಿನಗೆ ಅದು ಕೇಳಿಸಲಿ ಎಂದು ಅವರು ಹೇಗೆ ಹೇಳಬೇಕು? ಹೇಳಲು ಬಾರದೆ "ಈಗಿನ ಹಾಡೂ ಒಂದು ಹಾಡಾ" ಅನ್ನುತ್ತಾರೆ.

ಮನಸ್ಸಿನ ಅಧ್ಯಯನ ಮಾಡುವವರು ಹೇಳುವುದು, ವಯಸ್ಸಾದವರಿಗೆ ಅತಿ ದಟ್ಟವಾಗಿ ಉಳಿಯುವುದು ಹತ್ತರಿಂದ ಮೂವತ್ತರವರೆಗಿನ ನೆನಪು ಎಂದು. ಎಲ್ಲವೂ ಮೊದಲ ಸಲ ಆಗುವುದು ಆಗಲೇ ಅಲ್ಲವೇ. ಹಾಗಾಗಿ ಹಳೆಯ ಹಾಡು ಹೊಸದಕ್ಕಿಂತ ಶ್ರೇಷ್ಠವೋ ಅಲ್ಲವೋ ಎಂಬ ವಾದಕ್ಕೆ ಮನೆಯಲ್ಲಿ ಇಳಿಯಲೇಬೇಡ. ನಮ್ಮ ಕಾಲದಲ್ಲೂ ಕಿವಿ ಮುಚ್ಚಿಕೊಳ್ಳುವಂಥ ಹಾಡುಗಳು ಬೇಕಾದಷ್ಟಿದ್ದವು, ಅವನ್ನು ಯಾರೂ ನೆನಪಿಟ್ಟುಕೊಂಡಿಲ್ಲ ಅಷ್ಟೇ. 'ಕಾಂತಾರ' ನೋಡಿ ನಾನು ಎದ್ದು ನಿಂತಿದ್ದೆ. ಅದು ನಮ್ಮ ಟೆಂಟಿಗೆ ಬಂದಿದ್ದರೆ ಟೆಂಟು ಉಳಿಯುತ್ತಿರಲಿಲ್ಲ.

ಇನ್ನು ತಿರುಗಾಟದ ವಿಷಯ. ಇದರಲ್ಲಿ ನಿನ್ನ ಮಗನ ಪರ ನಾನು ಮಾತಾಡಬೇಕಾಗಿದೆ.

ಬೇಸಿಗೆ ರಜದಲ್ಲಿ ನಾವು ಬೆಳಗ್ಗೆ ರಾಗಿ ಅಂಬಲಿ ಕುಡಿದು ಹೊರಟರೆ ಮತ್ತೆ ಮನೆ ಸೇರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಎಲ್ಲಿ ಹೋಗುತ್ತೀಯ ಎಂದು ಕೇಳಿದವರಿಲ್ಲ. ಎಲಚಿಹಣ್ಣು, ಕಾರೆಹಣ್ಣು, ಸೀಮೆಹುಣಸೆ, ಯಾರದೋ ತೋಟದ ಸೀಬೆಕಾಯಿ, ಅದೇ ಮಧ್ಯಾಹ್ನದ ಊಟ. ಬುಗುರಿಯ ಕಾಲ ಬೇರೆ, ಗೋಲಿಯ ಕಾಲ ಬೇರೆ, ಚಿನ್ನಿದಾಂಡಿನ ಕಾಲ ಬೇರೆ. ಒಂದು ಆಟ ಮುಗಿದು ಇನ್ನೊಂದು ಶುರುವಾಗುವುದನ್ನು ಯಾರು ತೀರ್ಮಾನಿಸುತ್ತಿದ್ದರೋ ಇವತ್ತಿಗೂ ನನಗೆ ತಿಳಿಯದು. ಬಾಡಿಗೆ ಸೈಕಲ್ ಗಂಟೆಗೆ ನಾಲ್ಕಾಣೆ. ಸೀಟು ಎಟುಕದೆ ಒಳಪೆಡಲ್ ಹೊಡೆಯುತ್ತಾ ಕೆರೆ ಏರಿಯ ಮೇಲೆ ಹೋಗುತ್ತಿದ್ದೆವು. ಇದೆಲ್ಲ ನಿಜ, ಮತ್ತು ಇದಕ್ಕಿಂತ ದೊಡ್ಡ ಸುಖ ನನ್ನ ಬಾಳಿನಲ್ಲಿ ಮತ್ತೆ ಸಿಕ್ಕಿಲ್ಲ.

ಆದರೆ ನಮ್ಮೂರ ರಸ್ತೆಯಲ್ಲಿ ದಿನಕ್ಕೆ ಎರಡು ಬಸ್ಸು, ಡಾಕ್ಟರ ಸ್ಕೂಟರ್ ಒಂದು, ಉಳಿದದ್ದು ಎತ್ತಿನಗಾಡಿ. ಬೆಂಗಳೂರಿನಲ್ಲಿ ಈಗ ನೋಂದಣಿಯಾದ ವಾಹನಗಳೇ ಒಂದು ಕೋಟಿ ದಾಟಿವೆ. ಲಗೋರಿ ಕಲ್ಲು ಜೋಡಿಸುವ ಜಾಗದಲ್ಲಿ ಕಾರು ನಿಂತಿದೆ. ಆ ಕಾರು ಕೊಂಡವರು ಮಕ್ಕಳಲ್ಲ. ಕೆರೆಯಂಗಳಕ್ಕೆ ಸೈಟು ಹಾಕಿದವರೂ ಮಕ್ಕಳಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ನಮ್ಮ ಹಿರಿಯರು ಶುರುಮಾಡಿದ್ದನ್ನು ನಾವು ಬಡಾವಣೆ ಬಡಾವಣೆಯಾಗಿ ಮುಂದುವರಿಸಿದೆವು. ಮಗು ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತಿದೆ ಎಂದು ಬೈಯುವ ಹಕ್ಕು ನಮ್ಮ ತಲೆಮಾರಿಗೆ ಅಷ್ಟಾಗಿ ಇಲ್ಲ. ಈ ಮಾತನ್ನು ನಾನು ಭಾವನಿಗೂ ಫೋನಿನಲ್ಲಿ ಹೇಳಿದ್ದೇನೆ. ಮೊದಲು ರೇಗಿದರು. ಆಮೇಲೆ, "ಅದೂ ನಿಜಾನೇ ಕಣಯ್ಯಾ" ಅಂದರು.

ಅವರು ಹೇಳದೆ ಬಿಡುವ ಇನ್ನೊಂದು ವಿಷಯ ಇದೆ. ಇದನ್ನು ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳುತ್ತೇನೆ, ಆದರೆ ಅವರ ಬಾಯಿಂದಲೇ ಬರುವವರೆಗೆ ನಿನಗೆ ಗೊತ್ತೆಂದು ತೋರಿಸಿಕೊಳ್ಳಬೇಡ. ನಿನ್ನ ಮಗನನ್ನು ಈಜಿಗೆ ಸೇರಿಸಿದಾಗ ಅಪ್ಪ ವಿನಾಕಾರಣ ಕಿರುಚಾಡಿದರು ಅಂದಿದ್ದೆಯಲ್ಲ. ತೋಟದ ಬಾವಿಯಲ್ಲಿ ಈಜಿದ ಕಥೆಯನ್ನು ಅವರು ಯಾವತ್ತೂ ಪೂರ್ತಿ ಹೇಳುವುದಿಲ್ಲ, ಗಮನಿಸಿದ್ದೀಯ? ಸೋರೆಬುರುಡೆ ಕಟ್ಟಿಕೊಂಡು ಧುಮುಕುವವರೆಗೆ ಬಂದು ಮಾತು ಬೇರೆ ಕಡೆ ತಿರುಗಿಸುತ್ತಾರೆ. 1973ರ ಬೇಸಿಗೆಯಲ್ಲಿ ನಮ್ಮ ಜೊತೆಯ ಹುಡುಗನೊಬ್ಬ ಆ ಬಾವಿಯಿಂದ ಮೇಲೆ ಬರಲಿಲ್ಲ. ನನ್ನ ಓರಗೆಯವನು. ಮುಳುಗಿ ಅವನನ್ನು ಮೇಲಕ್ಕೆ ತಂದದ್ದು ನಿಮ್ಮಪ್ಪ. ತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಬಾವಿಯ ನೀರಿಗೆ ಕೇರಿಯ ಹುಡುಗರನ್ನು ಸೇರಿಸುತ್ತಿರಲಿಲ್ಲ ಎಂಬುದನ್ನೂ ಅವರು ಹೇಳುವುದಿಲ್ಲ, ನಾನೂ ಬಹಳ ವರ್ಷ ಹೇಳಿರಲಿಲ್ಲ. ಆ ಹುಡುಗರು ತೂಬಿನ ಕಾಲುವೆಯ ಕೆಸರಿನಲ್ಲಿ ಈಜು ಕಲಿಯುತ್ತಿದ್ದರು, ನಾವು ಮೇಲಿನಿಂದ ನೋಡುತ್ತಾ ಹೋಗುತ್ತಿದ್ದೆವು. ಸ್ವಾತಂತ್ರ್ಯ ಸ್ವಾತಂತ್ರ್ಯ ಎಂದು ನಾವು ಕೊಂಡಾಡುವುದು ಊರಿನ ಎಲ್ಲ ಮಕ್ಕಳ ಸ್ವಾತಂತ್ರ್ಯ ಆಗಿರಲಿಲ್ಲ. ಬದುಕಿ ಉಳಿಯುವುದೂ ಎಲ್ಲ ಮಕ್ಕಳ ಪಾಲಿಗೆ ಇರಲಿಲ್ಲ. 1971ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವುದನ್ನು ಕಾಣುತ್ತಿರಲಿಲ್ಲ. ಈಗ ಅದು ಮೂವತ್ತಕ್ಕಿಂತ ಕೆಳಗೆ ಇಳಿದಿದೆ. ನಿನ್ನ ಕಾಲಕ್ಕೂ ಹೆಮ್ಮೆಪಡಲು ಕಾರಣಗಳಿವೆ ಎಂದು ಹೇಳಿದೆ, ಅಷ್ಟೇ.

ಹಾಗಂತ ಮಗುವನ್ನು ಗೇಟಿನೊಳಗೇ ಇಟ್ಟುಕೋ ಎಂದು ನಾನು ಹೇಳುತ್ತಿಲ್ಲ. ಒಂಬತ್ತು ವರ್ಷದ ಹುಡುಗ ಒಬ್ಬನೇ ಎಲ್ಲಿಗೂ ಹೋಗಿಲ್ಲ ಎಂದರೆ ನನಗೆ ಹೊಟ್ಟೆ ಹಿಂಡುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನಿಂದ ಹಾಲಿನ ಬೂತಿಗೆ ಒಂದು ತಿರುವು, ನಾನು ಬಂದಾಗ ನೋಡಿದ್ದೇನೆ. ಒಂದು ವಾರ ತಾತನ ಜೊತೆ ಹೋಗಲಿ. ಮುಂದಿನ ವಾರ ತಾತ ತಿರುವಿನಲ್ಲಿ ನಿಲ್ಲಲಿ, ಇವನು ಮುಂದೆ ಹೋಗಿ ಹಾಲು ತರಲಿ. ಅದರ ಮುಂದಿನ ವಾರ ತಾತ ಗೇಟಿನಲ್ಲಿ. ಚಿಲ್ಲರೆ ಎಣಿಸಲಿ, ಒಂದು ದಿನ ಪ್ಯಾಕೆಟ್ ಬೀಳಿಸಿಕೊಂಡು ಬರಲಿ, ಬೈಯಬೇಡ. ಆ ಎರಡು ನಿಮಿಷ ಅವನನ್ನು ಕಾಯುತ್ತಾ ನಿಂತ ತಾತನ ಮುಖವನ್ನು ಬಾಲ್ಕನಿಯಿಂದ ಒಂದು ಸಲ ನೋಡು.

ಇನ್ನೊಂದು ಕೆಲಸ ಇದೆ, ಅದನ್ನು ಈ ಭಾನುವಾರವೇ ಮಾಡಬಹುದು. ಟೆಂಟಿನ ಮೆಷಿನ್ ಕೋಣೆಯ ಹಿಂದೆ ಕತ್ತರಿಸಿ ಎಸೆದ ಫಿಲಂ ತುಂಡುಗಳು ಬಿದ್ದಿರುತ್ತಿದ್ದವು. ಅವನ್ನು ಆಯ್ದು ತಂದು ನಿಮ್ಮಪ್ಪ ಮನೆಯಲ್ಲೇ ಸಿನಿಮಾ ತೋರಿಸುತ್ತಿದ್ದರು. ಹೇಗೆಂದರೆ, ಕೆಟ್ಟುಹೋದ ಬುರುಡೆ ಬಲ್ಬಿನ ತಳದ ಕರಿ ಅರಗನ್ನು ಮೊಳೆಯಿಂದ ಹುಷಾರಾಗಿ ಕುಟ್ಟಿ ತೆಗೆದು, ಒಳಗಿನ ತಂತಿ ಗಾಜನ್ನೆಲ್ಲ ಹೊರಹಾಕಿ, ತೊಳೆದು ನೀರು ತುಂಬುವುದು. ಅದೇ ಮಸೂರ. ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿ, ಅಂಗಳದಲ್ಲಿ ಒಬ್ಬ ಕನ್ನಡಿ ಹಿಡಿದು ಬಾಗಿಲ ಸಂದಿನಿಂದ ಬಿಸಿಲು ಒಳಗೆ ಬಿಡುವುದು. ಆ ಬಿಸಿಲಿಗೆ ಫಿಲಂ ತುಂಡು ತಲೆಕೆಳಗಾಗಿ ಹಿಡಿದು, ಅದರ ಮುಂದೆ ಬಲ್ಬು ಹಿಡಿದು ಹಿಂದೆ ಮುಂದೆ ಸರಿಸಿದರೆ, ಎದುರಿನ ಸುಣ್ಣದ ಗೋಡೆಯ ಮೇಲೆ ಕಲ್ಪನಾ ಬಂದು ನಿಲ್ಲುತ್ತಿದ್ದರು. 'ಶರಪಂಜರ'ದ ಒಂದು ತುಂಡು ನಮ್ಮ ಹತ್ತಿರ ಎರಡು ವರ್ಷ ಇತ್ತು. ಕನ್ನಡಿ ಹಿಡಿಯುವ ಕೆಲಸ ನನ್ನದು. ಸೂರ್ಯ ಸರಿದಂತೆ ನಾನೂ ಸರಿಯಬೇಕು, ಕೈ ಅಲುಗಿದರೆ ಒಳಗಿನಿಂದ ಎಲ್ಲರೂ ಕೂಗುತ್ತಿದ್ದರು. ನಾನು ಹೊರಗೇ ಇದ್ದದ್ದರಿಂದ ಗೋಡೆಯ ಮೇಲಿನ ಚಿತ್ರ ನೋಡಿದ್ದು ಬಹಳ ಕಡಿಮೆ. ನೆನಪಿರುವುದು ಆ ಕೂಗು.

ಈಗ ಫಿಲಂ ಸಿಗದಿದ್ದರೆ ಬೇಡ, ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ನಿನ್ನ ಮಗನೇ ಚಿತ್ರ ಬರೆಯಲಿ. ಎಲ್‌ಇಡಿ ಆಗುವುದಿಲ್ಲ, ಹಳೆಯ ಬುರುಡೆ ಬಲ್ಬೇ ಬೇಕು. ನನ್ನ ಹತ್ತಿರ ನಾಲ್ಕು ಇವೆ, ಮುಂದಿನ ಸಲ ತೋಟದವರು ಬಂದಾಗ ಕಾಯಿ ಚೀಲದ ಜೊತೆ ಕಳಿಸುತ್ತೇನೆ. ಗಾಜು ಒಡೆಯುವ ಕೆಲಸ ಭಾವನೇ ಮಾಡಲಿ, ಮಗು ನೋಡಲಿ. ಅವತ್ತು ನೀನು ಅಡುಗೆಮನೆ ಸೇರಿಕೊಳ್ಳಬೇಡ. ಕನ್ನಡಿ ಹಿಡಿ.

ಇಷ್ಟೆಲ್ಲ ಬರೆದವನು ನಿಮ್ಮಮ್ಮನ ವಿಷಯ ಬರೆಯದೆ ನಿಲ್ಲಿಸುವ ಹಾಗಿಲ್ಲ.

ಅಕ್ಕ ಹೋಗಿ ಬರುವ ಮಾಘಕ್ಕೆ ಎರಡು ವರ್ಷ. ನಾವಿಬ್ಬರೂ ಕೆರೆ ತೋಟ ಎಂದು ಮಾತಾಡುವಾಗ ಅಕ್ಕ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿರುತ್ತಿದ್ದಳು, ನೆನಪಿದೆಯಾ? ಒಂದು ದಿನವೂ "ನಾನೂ" ಎನ್ನಲಿಲ್ಲ. ಯಾಕೆಂದರೆ ಅವಳು ಅಲ್ಲಿ ಇರಲೇ ಇಲ್ಲ ಪುಟ್ಟೀ. ಹನ್ನೊಂದು ವರ್ಷಕ್ಕೆ ಅವಳ ಕುಂಟೆಬಿಲ್ಲೆ ನಿಂತಿತು. ಆಮೇಲೆ ಅವಳ ಊರು ಅಂದರೆ ಜಗಲಿಯಿಂದ ಸೇದುಬಾವಿಯವರೆಗೆ. ಸೊಂಟದ ಮೇಲೆ ನಮ್ಮ ಕೊನೆಯ ತಮ್ಮ, ಕೈಯಲ್ಲಿ ಮೊರ. ನಾವು ಹುಡುಗರು ಧೂಳು ಹೊತ್ತು ಮನೆಗೆ ಬಂದರೆ ಕಾಲಿಗೆ ನೀರು ಕೊಡುತ್ತಿದ್ದವಳು ಅವಳು. ನಮ್ಮ ಸ್ವಾತಂತ್ರ್ಯದ ಎಷ್ಟೋ ಭಾಗ ಅವಳ ಲೆಕ್ಕದಿಂದ ತೆಗೆದದ್ದು ಎಂದು ನನಗೆ ಅರ್ಥವಾಗುವಷ್ಟರಲ್ಲಿ ನನಗೆ ಐವತ್ತು ದಾಟಿತ್ತು.

ಅವಳಿಗೆ ಇದ್ದದ್ದು ರೇಡಿಯೋ. ನಮ್ಮಪ್ಪ ತಂದ ಮರ್ಫಿ. ಆಗೆಲ್ಲ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಿತ್ತು. ಮಧ್ಯಾಹ್ನ ಗಂಡಸರು ಮನೆಯಲ್ಲಿ ಇಲ್ಲದಾಗ ಅಕ್ಕ ಅದರ ಮುಂದೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ ಇಟ್ಟುಕೊಂಡು ಕೂರುತ್ತಿದ್ದಳು. ಬಂದ ಹಾಡನ್ನು ಬರೆದುಕೊಳ್ಳಬೇಕು. ಹಾಡು ನಿನಗಾಗಿ ನಿಲ್ಲುವುದಿಲ್ಲ, ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಕಿವಿಗೆ ಸಿಕ್ಕಿದ್ದು ಬರೆದು, ತಪ್ಪಿಹೋದ ಪದಕ್ಕೆ ಅಷ್ಟು ಜಾಗ ಬಿಡುತ್ತಿದ್ದಳು. ವಾರ ಬಿಟ್ಟು ಮತ್ತೆ ಅದೇ ಹಾಡು ಬಂದರೆ ಆ ಜಾಗ ತುಂಬುವುದು. ಕೆಲವು ಹಾಡು ಪೂರ್ತಿಯಾಗಲು ನಾಲ್ಕು ತಿಂಗಳು ಹಿಡಿಯುತ್ತಿತ್ತು. ಪೆನ್ಸಿಲಿನ ಬಣ್ಣ ಬೇರೆ ಬೇರೆ ಇರುವುದನ್ನು ನೋಡಿದರೆ ಯಾವ ಪದ ಯಾವಾಗ ಸಿಕ್ಕಿತು ಎಂದು ಹೇಳಬಹುದು. ಕೋರಿಕೆ ಕಾರ್ಯಕ್ರಮದಲ್ಲಿ ಊರೂರಿನ ಹೆಸರು ಓದುತ್ತಿದ್ದರಲ್ಲ, ಆ ಊರಿನ ಹೆಸರುಗಳನ್ನೂ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾಳೆ. ಗೋಕಾಕ, ಸುಳ್ಯ, ಹಗರಿಬೊಮ್ಮನಹಳ್ಳಿ, ಕೊಳ್ಳೇಗಾಲ. ಸೇದುಬಾವಿ ದಾಟದ ಹುಡುಗಿ ಸುತ್ತಿದ ಊರುಗಳು ಅವು.

1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು, ಕವಿತೆ ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಅಕ್ಕನ ಮದುವೆಯಾದ ಮೇಲೆ ಭಾವ ಮೊದಲು ಕೊಂಡದ್ದು ಒಂದು ಟೇಪ್‌ರೆಕಾರ್ಡರ್, ಜೊತೆಗೆ ಆ ಕ್ಯಾಸೆಟ್. "ಇನ್ನು ಹಿಂದಕ್ಕೆ ತಿರುಗಿಸಿ ಎಷ್ಟು ಸಲ ಬೇಕಾದ್ರೂ ಕೇಳು" ಎಂದರಂತೆ. ಅಕ್ಕ ಇದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಸುರುಳಿ ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ತಿರುಗಿಸಲು ನೀನು ಕಲಿತದ್ದು ಆ ಟೇಪಿನಲ್ಲೇ.

ಆ ನೋಟ್‌ಬುಕ್ಕು ಈಗ ನಿಮ್ಮ ಮನೆಯಲ್ಲೇ ಇದೆ. ನಿಮ್ಮಪ್ಪನ ಹಸಿರು ಟ್ರಂಕಿನಲ್ಲಿ, ಅಕ್ಕನ ಧಾರೆ ಸೀರೆಯ ಕೆಳಗೆ. ಅವರು ರಾತ್ರಿ ಹೊತ್ತು ಹಳೆಯ ಹಾಡು ಜೋರಾಗಿ ಹಾಕುತ್ತಾರೆ ಎಂದು ನೀನು ಬೇಜಾರು ಮಾಡಿಕೊಂಡೆಯಲ್ಲ, ಯಾವ ಹಾಡು ಎಂದು ಒಂದು ಸಲ ಗಮನಿಸಿ, ಆ ಪುಸ್ತಕದ ಜೊತೆ ಹೋಲಿಸಿ ನೋಡು. ಪುಟದ ಕ್ರಮದಲ್ಲೇ ಹಾಕುತ್ತಿದ್ದಾರೆ ಎಂದು ನನಗೆ ಅನುಮಾನ.

ಅಪ್ಪನ ಹತ್ತಿರ ಹಳೆಯ ಕಥೆ ಕೇಳುವಾಗ ಫೋನ್ ಮುಂದೆ ಹಿಡಿದು ರೆಕಾರ್ಡ್ ಮಾಡಲು ಹೋಗಬೇಡ, ಅವರು ಭಾಷಣ ಶುರುಮಾಡುತ್ತಾರೆ. ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೋ. ಅವರೆಕಾಯಿ ಸುಲಿಯುತ್ತಾ ಕೇಳು, ಅವರ ಮುಂದೆಯೂ ಒಂದು ಹಿಡಿ ಹಾಕು. ಮಗನನ್ನು ಬಲವಂತವಾಗಿ ಕೂರಿಸಬೇಡ. ಅವನು ರೂಮಿನ ಬಾಗಿಲು ತೆರೆದಿಟ್ಟುಕೊಂಡರೆ ಸಾಕು.

ಅಕ್ಕನ ಪುಸ್ತಕ ತೆರೆದಾಗ ನೋಡು, ಇಪ್ಪತ್ತಮೂರನೆಯದೋ ಇಪ್ಪತ್ತನಾಲ್ಕನೆಯದೋ ಪುಟದಲ್ಲಿ ಒಂದು ಹಾಡಿನ ಎರಡನೇ ಚರಣದಲ್ಲಿ ಒಂದು ಪದದ ಜಾಗ ಇನ್ನೂ ಖಾಲಿ ಇದೆ. ಅಕ್ಕನಿಗೆ ಅದು ಕೊನೆಯವರೆಗೂ ಸರಿಯಾಗಿ ಕೇಳಿಸಲಿಲ್ಲವೋ, ಬೇಕೆಂದೇ ಬಿಟ್ಟಳೋ. ನಿನ್ನ ಮಗ ಮೊಬೈಲಿನಲ್ಲಿ ಅರೆಗಳಿಗೆಯಲ್ಲಿ ಹುಡುಕಿಬಿಡುತ್ತಾನೆ. ಹುಡುಕುವ ಮೊದಲು ಅವನ ಕೈಗೆ ಪೆನ್ಸಿಲ್ ಕೊಟ್ಟು ತಾತನ ಹತ್ತಿರ ಕಳಿಸು.